ಬಿಪಿ ಜಾಸ್ತಿ ಇದ್ದರೆ ಬ್ಲಾಕ್ ದಾಟಿ ಹೆಚ್ಚು ರಕ್ತ ಹೋಗಬೇಕಲ್ವಾ?

ತಂದೆಯವರ ಹೃದಯದ ರಕ್ತನಾಳದಲ್ಲಿ 70% ಬ್ಲಾಕ್ ಇದೆ, ಬಿಪಿ 160/100; ಒತ್ತಡ ಜಾಸ್ತಿ ಇದ್ದರೆ ರಕ್ತ ನುಗ್ಗಿಕೊಂಡು ಹೋಗಬೇಕಲ್ವಾ, ಯಾಕೆ ಇಳಿಸುತ್ತಾರೆ ಎಂದು ಕೇಳಿದ್ದೀರಿ. ನಾನು ಎಕೋ (ಹೃದಯದ ಅಲ್ಟ್ರಾಸೌಂಡ್) ಸ್ಕ್ಯಾನ್ ಮಾಡುವವಳು. ಈ ಪ್ರಶ್ನೆ ನನಗೂ ಒಂದು ಕಾಲದಲ್ಲಿ ಕಾಡಿತ್ತು.

ಆ ಒತ್ತಡದ ಎದುರು ರಕ್ತ ತಳ್ಳಬೇಕಾದದ್ದು ಅದೇ ಹೃದಯ. ಬಿಪಿ ಏರಿದಷ್ಟೂ ಅದರ ದುಡಿಮೆ ಜಾಸ್ತಿ, ಆಮ್ಲಜನಕವೂ ಜಾಸ್ತಿ ಬೇಕು. ಆದರೆ ಹೃದಯದ ಸ್ನಾಯು ಸುಮ್ಮನೆ ಕೂತಾಗಲೂ ತನಗೆ ಬರುವ ರಕ್ತದಿಂದ ಸುಮಾರು 70% ಆಮ್ಲಜನಕ ಹೀರಿಬಿಟ್ಟಿರುತ್ತದೆ. ಇನ್ನೂ ಬೇಕೆಂದರೆ ಹೆಚ್ಚು ರಕ್ತವೇ ಬರಬೇಕು. ಬ್ಲಾಕ್ ಅಡ್ಡ ಬರುವುದು ಅಲ್ಲೇ. ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗುವುದು ಇದಕ್ಕೇ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹೃದಯ ಹಿಂಡಿಕೊಂಡಾಗ ತನ್ನೊಳಗಿನ ರಕ್ತನಾಳಗಳನ್ನೂ ಅದುಮುತ್ತದೆ. ಹಾಗಾಗಿ ಇಡೀ ದೇಹಕ್ಕೆ ರಕ್ತ ತಳ್ಳುವ ಎಡ ಕೋಣೆಯ ಸ್ನಾಯುವಿಗೆ ಬಹುಪಾಲು ರಕ್ತ ಸಿಗುವುದು ಅದು ಸಡಿಲವಾದಾಗ. ಆಗ ತಳ್ಳುವ ಬಲ ಬಿಪಿಯ ಕೆಳಗಿನ ಅಂಕಿಯದು (160/100ರಲ್ಲಿ 100). ಕೋಣೆಯೊಳಗಿನ ಒತ್ತಡ ಅದರ ಎದುರು ನಿಲ್ಲುತ್ತದೆ.

ವರ್ಷಗಟ್ಟಲೆ ಬಿಪಿ ಇದ್ದವರ ಎಡ ಕೋಣೆಯ ಗೋಡೆ ಸ್ಕ್ರೀನಿನಲ್ಲಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಸುಮಾರು 10 ಮಿಲಿಮೀಟರ್ ಒಳಗೆ ಇರಬೇಕಾದದ್ದು 14 ಆಗಿರುತ್ತದೆ, ಸಡಿಲವಾಗಲು ತಿಣುಕುತ್ತಿರುತ್ತದೆ. ನೋಡುವಾಗ ಬೇಜಾರಾಗುತ್ತದೆ. ಸ್ನಾಯು ಬೆಳೆದಷ್ಟು ಸಣ್ಣ ರಕ್ತನಾಳಗಳು ಬೆಳೆದಿರುವುದಿಲ್ಲ. ಗೋಡೆ ಬಿಗಿಯಾಗಿರುವುದರಿಂದ ಒಳಗಿನ ಒತ್ತಡವೂ ಏರುತ್ತದೆ. ಗೋಡೆಯ ಒಳಪದರಕ್ಕೆ ಮೊದಲು ರಕ್ತ ಸಾಲದೆ ಹೋಗುತ್ತದೆ. ಇದರ ಜೊತೆಗೆ ಬಿಪಿ ರಕ್ತನಾಳದ ಒಳಮೈಯನ್ನು ಕೆಡಿಸಿ ಬ್ಲಾಕ್ ಬೆಳೆಯಲೂ ದಾರಿ ಮಾಡುತ್ತದೆ.

ಆದರೆ ನಿಮ್ಮ ಅನುಮಾನದಲ್ಲಿ ಒಂದು ನಿಜ ಇದೆ. ಬ್ಲಾಕ್ ಇರುವವರಲ್ಲಿ ಕೆಳಗಿನ ಅಂಕಿ ತೀರಾ ಇಳಿಯಬಾರದು. ಅದು 60ಕ್ಕಿಂತ ಕೆಳಗೆ ಹೋಗದಂತೆ, ಅದರಲ್ಲೂ ವಯಸ್ಸಾದವರಲ್ಲಿ, ಡಾಕ್ಟರು ನಿಧಾನವಾಗಿ ಇಳಿಸುತ್ತಾರೆ. ನಾಡಿಬಡಿತ ತಗ್ಗಿಸುವ ಮಾತ್ರೆ ಕೊಟ್ಟಿದ್ದರೆ, ಹೃದಯ ಸಡಿಲವಾಗಿರುವ ಸಮಯ ಹೆಚ್ಚಲಿ, ರಕ್ತ ತುಂಬಿಕೊಳ್ಳಲಿ ಎಂಬುದೂ ಅದಕ್ಕೊಂದು ಕಾರಣ. ಅದನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ, ದಯವಿಟ್ಟು.

ತಂದೆಯವರಿಗೆ ಸುಮ್ಮನೆ ಕೂತಾಗಲೂ ಎದೆನೋವು ಬಂದರೆ, ಕಾಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.