ಎಂಸಿಬಿ ಬದಲಿಸುವ ಮೊದಲು ಇದನ್ನು ಓದಿ

ತಾರಸಿಯ ಕುಂಡಗಳ ಸುತ್ತ ಸೀರಿಯಲ್ ಸೆಟ್ಟುಗಳನ್ನೂ ಎರಡು ಫೋಕಸ್ ದೀಪಗಳನ್ನೂ ಹಾಕಿದಾಗ 10 ಆಂಪಿಯರ್‌ನ ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತಿದೆ, ಅದರ ಜಾಗದಲ್ಲಿ 32 ಆಂಪಿಯರ್‌ನದನ್ನು ಕೂರಿಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಇದೇ ಕೆಲಸವನ್ನು ನಾನೂ ಒಂದು ದೀಪಾವಳಿಯಲ್ಲಿ ಮಾಡಿದ್ದೆ.

ಆ ವರ್ಷ ವರಾಂಡದ ಒಂದೇ ಪಾಯಿಂಟಿನಿಂದ 500 ವಾಟಿನ ಎರಡು ಹ್ಯಾಲೊಜೆನ್ ದೀಪಗಳನ್ನೂ ಹಳೆಯ ಬಲ್ಬಿನ ಹನ್ನೆರಡು ಸರಗಳನ್ನೂ ಉರಿಸಿದ್ದೆ. ಅವು ರಾತ್ರಿಯಿಡೀ ತಕರಾರಿಲ್ಲದೆ ಉರಿದವು. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆನೀರಿಗೆಂದು ಹಿತ್ತಲಿನ ಪಾಯಿಂಟಿಗೆ 2000 ವಾಟಿನ ವಾಟರ್ ಹೀಟರ್ ರಾಡ್ ಹಾಕಿದ ಸುಮಾರು ಅರ್ಧ ಗಂಟೆಗೆ ಎಂಸಿಬಿ ಬಿತ್ತು. ಹಿತ್ತಲಿನ ಪಾಯಿಂಟು ವರಾಂಡದ ಲೈನಿನಲ್ಲೇ ಇದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಸರಗಳ 300 ವಾಟನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಟ್ಟು 3300 ವಾಟ್, ಅಂದರೆ 230 ವೋಲ್ಟಿನಲ್ಲಿ 14 ಆಂಪಿಯರ್‌ಗೂ ಮೇಲೆ. ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡು ಕಾಯುತ್ತಿದ್ದರೆಂಬ ಸಿಟ್ಟಿನಲ್ಲಿ ಅಂದೇ ಪಂಪಿನ ಹಳೆಯ ಪೆಟ್ಟಿಗೆಯಲ್ಲಿದ್ದ 32 ಆಂಪಿಯರ್‌ನ ಎಂಸಿಬಿಯನ್ನು ತೆಗೆದು ಇಲ್ಲಿಗೆ ಹಾಕಿದೆ. ಬಲಿಪಾಡ್ಯಮಿಯ ಬೆಳಿಗ್ಗೆ ಅದು ಬೀಳಲಿಲ್ಲ, ಆದರೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ರಾಡಿನ ದಪ್ಪ ಪ್ಲಗ್ಗನ್ನು 6 ಆಂಪಿಯರ್ ಸಾಕೆಟ್ಟಿಗೆ ಹೊಂದಿಸಲು ಹಾಕಿದ್ದ ಕನ್ವರ್ಟರ್, ಸಾಕೆಟ್ಟಿಗೆ ಬೆಸೆದುಕೊಂಡಂತೆ ಅಂಟಿತ್ತು. ಮೇನ್ ಸ್ವಿಚ್ ಆರಿಸಿ ಕಿತ್ತು ನೋಡಿದರೆ ನ್ಯೂಟ್ರಲ್ ತೂತಿನ ಸುತ್ತ ಕಂದುಬಣ್ಣದ ಉಂಗುರ ಮೂಡಿತ್ತು, ಒಳಗಿನ ವೈರಿನ ಹೊದಿಕೆ ಬೆರಳಿನಲ್ಲಿ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು.

ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು; ನಿಮ್ಮ ದೀಪಗಳಿಗೆ ಅನುಕೂಲ ಮಾಡಿಕೊಡಲು ಅಲ್ಲ. ದೀಪದ ಲೈನಿನಲ್ಲಿ ಸಾಮಾನ್ಯವಾಗಿ ಇರುವ 1.5 ಚದರ ಮಿಲಿಮೀಟರ್ ವೈರಿಗೆ 32 ಆಂಪಿಯರ್‌ನ ಕಾವಲು ಹಾಕಿದರೆ, ಮೊದಲು ಸುಡುವುದು ವೈರು. ಹಳೆಯ ಮನೆಗಳಲ್ಲಿ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದ ಬುದ್ಧಿಯೇ ಇದು, ಹೊಸ ವೇಷದಲ್ಲಿ. ಇನ್ನೊಂದು ಸಂಗತಿ: 10 ಆಂಪಿಯರ್‌ನ ಎಂಸಿಬಿ 14.5 ಆಂಪಿಯರ್ ಹರಿಯುವಾಗ ಬೀಳಲು ಒಂದು ಗಂಟೆಯವರೆಗೂ ತೆಗೆದುಕೊಳ್ಳಬಹುದು. ಆದ್ದರಿಂದ ಸ್ವಿಚ್ ಹಾಕಿದ ತಕ್ಷಣ ಬೀಳಲಿಲ್ಲವೆಂದು ನಿಶ್ಚಿಂತೆಯಿಂದ ಮಲಗಬಾರದು.

ಅಂದಿನಿಂದ ನಾನು ತಪ್ಪದೆ ಪಾಲಿಸುವ ಕ್ರಮವನ್ನು ಹೇಳುತ್ತೇನೆ. ಹಬ್ಬಕ್ಕೆ ಮೂರು ದಿನ ಮೊದಲು ದೀಪದ ಲೈನಿನ ಎಂಸಿಬಿಯನ್ನು ಆರಿಸಿ, ಮನೆಯ ಯಾವ ಯಾವ ಪಾಯಿಂಟುಗಳು ಸತ್ತವು ಎಂಬುದನ್ನು ಚೀಟಿಯಲ್ಲಿ ಬರೆದು ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆಯ) ಮುಚ್ಚಳಕ್ಕೆ ಅಂಟಿಸುತ್ತೇನೆ. ಬಳಿಕ ದೀಪಗಳನ್ನೆಲ್ಲ ಅರ್ಧ ಗಂಟೆ ಉರಿಸಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅದರ ಪಿನ್ನುಗಳಿಗೆ ಕೈಯ ಹಿಂಬದಿಯನ್ನು ತಾಗಿಸಿ ನೋಡುತ್ತೇನೆ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಹಿಂದೆಳೆದುಕೊಳ್ಳುವಷ್ಟು ಬಿಸಿಯಿದ್ದರೆ ಲೋಡ್ ಹೆಚ್ಚಾಗಿರಬೇಕು ಅಥವಾ ಸಾಕೆಟ್ ಸಡಿಲವಾಗಿರಬೇಕು. ಸಡಿಲವಾಗಿದ್ದರೆ 300 ವಾಟಿಗೂ ಬಿಸಿಯಾಗುತ್ತದೆ, ಹಾಗಾಗಿ ಲೆಕ್ಕವೊಂದನ್ನೇ ನಂಬಬೇಡಿ.

ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಎಷ್ಟು ತೂತುಗಳಿದ್ದರೂ 6 ಆಂಪಿಯರ್ ಸಾಕೆಟ್ಟಿನಿಂದ ಸಿಗುವುದು ಹೆಚ್ಚೆಂದರೆ 1380 ವಾಟ್. ನಾನು ಸಾವಿರಕ್ಕೇ ನಿಲ್ಲಿಸುತ್ತೇನೆ. ಸುರುಳಿಯಲ್ಲಿ ಸುತ್ತಿದ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಬಳಸಿ, ಸುತ್ತಿದಂತೆಯೇ ಬಿಟ್ಟರೆ ಒಳಗಿನ ಶಾಖಕ್ಕೆ ದಾರಿಯಿರುವುದಿಲ್ಲ. ವೈರಿನ ಮಟ್ಟಿಗೆ ನಾನು ಫಿನೋಲೆಕ್ಸ್ ಅಥವಾ ಪಾಲಿಕ್ಯಾಬ್ ಬಿಟ್ಟು ಬೇರೆಯದನ್ನು ಕೊಳ್ಳುವುದಿಲ್ಲ. ಇದು ನನ್ನ ಹಟವೆಂದೇ ಇಟ್ಟುಕೊಳ್ಳಿ, ಆದರೆ ಐಎಸ್‌ಐ ಗುರುತಿಲ್ಲದ ಬಾಕ್ಸನ್ನು ಮಾತ್ರ ಯಾರೂ ತರಬೇಡಿ. ಎಲ್‌ಇಡಿ ಸರಗಳು ಕಡಿಮೆ ವಿದ್ಯುತ್ ಎಳೆಯುತ್ತವೆ ನಿಜ. ಹಾಗೆಂದು ಹತ್ತು ಸರಗಳನ್ನು ಬಾಲಕ್ಕೆ ಬಾಲ ಸೇರಿಸಿ ಜೋಡಿಸಿದರೆ, ಹತ್ತರ ಕರೆಂಟೂ ಮೊದಲನೆಯದರ ಕೂದಲೆಳೆಯಂಥ ವೈರಿನಲ್ಲಿ ಹರಿಯುತ್ತದೆ. ಅದು ಕರಗಿದರೂ 10 ಆಂಪಿಯರ್‌ನ ಎಂಸಿಬಿಗೆ ಸುದ್ದಿಯೇ ತಲುಪುವುದಿಲ್ಲ.

ಕುಂಡಗಳಿಗೆ ನೀರು ಹಾಕುವವರು ನೀವಾದ್ದರಿಂದ ಇದನ್ನೂ ಹೇಳಬೇಕು. ವೈರು ಸಾಕೆಟ್ಟಿಗೆ ಮೇಲಿನಿಂದ ಇಳಿಯದೆ, ಕೆಳಗೆ ಜೋಲುಬಿದ್ದು ಮತ್ತೆ ಮೇಲೇರಿ ಸೇರುವಂತೆ ಕಟ್ಟಿ. ಹನಿ ಜೋಲಿನ ತುದಿಯಿಂದಲೇ ಉದುರಿಹೋಗುತ್ತದೆ. ಜೋಡಣೆಗಳು ಕುಂಡದ ತಟ್ಟೆಯ ಹತ್ತಿರ ಇರದಿರಲಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಒದ್ದೆ ತಾರಸಿಗೆ ಕರೆಂಟ್ ಎಳೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಆದರೆ ಆರ್‌ಸಿಸಿಬಿ ಕಾಯುವುದು ಕರೆಂಟ್ ಸೋರಿಕೆಯಿಂದ. ಲೋಡ್ ಹೆಚ್ಚಾದರೆ ಅದು ಸುಮ್ಮನಿರುತ್ತದೆ.

ಹಾಗಾಗಿ ಇಂದು ಸಂಜೆ ಬೀಳುವುದು ಎಂಸಿಬಿಯೋ, ಪಕ್ಕದ ಟೆಸ್ಟ್ ಗುಂಡಿಯಿರುವ ಆರ್‌ಸಿಸಿಬಿಯೋ ನೋಡಿ, ಡಿಬಿಯ ಫೋಟೋ ಹಾಕಿ. ಫೋಕಸ್ ದೀಪಗಳ ಹಿಂಬದಿಯಲ್ಲಿ ಬರೆದಿರುವ ವಾಟನ್ನೂ ತಿಳಿಸಿ. ಅವು ಹ್ಯಾಲೊಜೆನ್ ಆಗಿದ್ದರೆ 50 ವಾಟಿನ ಎಲ್‌ಇಡಿ ತಂದರೆ ಸಾಕು. ಎಂಸಿಬಿಯನ್ನು ಮುಟ್ಟುವ ಅಗತ್ಯವೇ ಬರಲಿಕ್ಕಿಲ್ಲ.