ಅಕ್ಕನ ಮೈದುನ ಮತ್ತು ಹೆರಿಗೆ ವಾರ್ಡು

ಪ್ರಶ್ನೆ: ‘ಹಾಸ್ಪಿಟಲ್ ಪ್ಲೇಲಿಸ್ಟ್’ ನೋಡಿಲ್ಲ. ನೇರ ‘ರೆಸಿಡೆಂಟ್ ಪ್ಲೇಬುಕ್’ ನೋಡಿದ್ರ ತಿಳೀತದೇನ್ರಿ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ. ‘ಹಾಸ್ಪಿಟಲ್ ಪ್ಲೇಲಿಸ್ಟ್’ ಎಂಬ ಕೊರಿಯನ್ ಧಾರಾವಾಹಿಯಿಂದ ಕವಲೊಡೆದ 2025ರ ಈ ಧಾರಾವಾಹಿಯ 12 ಕಂತುಗಳಲ್ಲಿ ಪ್ರಸೂತಿ ವಿಭಾಗದ ಮೊದಲ ವರ್ಷದ ರೆಸಿಡೆಂಟ್‌ಗಳದ್ದೇ (ತಜ್ಞರಾಗಲು ತರಬೇತಿಯಲ್ಲಿರುವ ಡಾಕ್ಟರುಗಳದ್ದೇ) ಕಥೆ. ಮೂಲ ಧಾರಾವಾಹಿಯ ಡಾಕ್ಟರುಗಳು ಆಗಾಗ ಮುಖ ತೋರಿಸಿ ಹೋಗುತ್ತಾರೆ, ಅಷ್ಟೆ.

ಇದರ ಜೀವಾಳ ನಾಯಕಿ ಓ ಯಿ-ಯಂಗ್. ಸೇವಾಭಾವದಿಂದಲ್ಲ, ಬಿಟ್ಟ ಕೆಲಸಕ್ಕೆ ಸಾಲ ತೀರಿಸಲೆಂದು ಮರಳಿದವಳು. ಡ್ಯೂಟಿ ಮುಗಿದರೆ ಸಾಕೆನ್ನುವ ಆ ಮುಖ ನಿಧಾನವಾಗಿ ಬದಲಾಗುತ್ತದೆ, ಅದಕ್ಕೇ ನಂಬಿಕೆ ಬರುತ್ತದೆ.

ಧಾರಾವಾಹಿ ಸೋಲುವುದು ಸ್ನೇಹದ ಚಿತ್ರಣದಲ್ಲಿ. ಮೂಲದ ಐವರು ಕಾಲೇಜಿನಿಂದ ಗೆಳೆಯರು, ವಾದ್ಯ ಹಿಡಿದು ಕೂತರೇ ಸಲಿಗೆ ಕಾಣುತ್ತಿತ್ತು. ಇಲ್ಲಿನ ನಾಲ್ವರು ಆಗಷ್ಟೇ ಒಂದೆಡೆ ಸೇರಿದವರು. ಮೊದಲ ಕಂತುಗಳು ಜಗ್ಗುತ್ತವೆ.

ನಾಯಕಿ ಮೆಚ್ಚುವುದು ಅಕ್ಕನ ಮೈದುನನನ್ನು. ನಮ್ಮ ಕಡೆಯಾದರೆ ಹಿರಿಯರೇ ಮಾತು ತೆಗೆಯುತ್ತಿದ್ದರು. ಅಲ್ಲಿ ಬೀಗರ ಮನೆಯೆಂಬ ಮುಜುಗರ. ನಾಲ್ಕು ಕಂತು ತಾಳಿಕೊಂಡು ನೋಡಿ.