ಸೌರಮಾರುತ ಎದ್ದಾಗ ಗದಗಿನ ಹೊಲದಲ್ಲಿ ಜಿಪಿಎಸ್ ಸರ್ವೆ ಯಾಕೆ ತಪ್ಪುತ್ತದೆ?

ಸೌರಮಾರುತ ಅಂದರೆ ಸೂರ್ಯನಿಂದ ಹರಿದುಬರುವ ವಿದ್ಯುದಾವೇಶದ ಕಣಗಳ ಪ್ರವಾಹ. ಅದರ ವೇಗಕ್ಕಿಂತ ಅದು ಹೊತ್ತು ತರುವ ಕಾಂತಕ್ಷೇತ್ರದ ದಿಕ್ಕೇ ಮುಖ್ಯ. ಅದು ಉತ್ತರಕ್ಕಿದ್ದರೆ ಭೂಮಿಯ ಕಾಂತಕವಚ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ದಕ್ಷಿಣಕ್ಕೆ ತಿರುಗಿ ಕೆಲವು ತಾಸು ಹಾಗೇ ನಿಂತಿತೋ, ಭೂಮಿಯ ಬಲರೇಖೆಗಳ ಜೊತೆ ಬೆಸೆದುಕೊಂಡು ಶಕ್ತಿ ಒಳನುಗ್ಗುತ್ತದೆ. ಧ್ರುವಗಳ ಮೇಲೆ 100ರಿಂದ 150 ಕಿ.ಮೀ. ಎತ್ತರದಲ್ಲಿ ಹರಿಯುವ ವಿದ್ಯುತ್ ಗಾಳಿಯನ್ನು ಕಾಯಿಸುತ್ತದೆ, ಕಾದ ಗಾಳಿ ಮೇಲಕ್ಕೆ ಉಬ್ಬುತ್ತದೆ. 2022ರ ಫೆಬ್ರುವರಿಯಲ್ಲಿ ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ನಾಶವಾದದ್ದು ಈ ಗಾಳಿಯ ತಡೆಯಿಂದ. ಅದೇನೂ ದೊಡ್ಡ ಕಾಂತೀಯ ಬಿರುಗಾಳಿಯಲ್ಲ!

ಹುಬ್ಬಳ್ಳಿ, ಗದಗ ಸೀಮೆಯ ತೊಂದರೆ ಬೇರೆ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾಯುತ್ತದೆ. ಧ್ರುವದ ವಿದ್ಯುತ್ ಕ್ಷೇತ್ರ ನಿಮಿಷಗಳಲ್ಲಿ ಅಲ್ಲಿಗೂ ತಲುಪಿ, ಹಗಲಾದರೆ ಅಯಾನುಗೋಳವನ್ನು (ಬಿಡಿ ಇಲೆಕ್ಟ್ರಾನ್ ತುಂಬಿದ ಮೇಲಿನ ವಾಯುಪದರವನ್ನು) ಮೇಲೆತ್ತುತ್ತದೆ. ನಮ್ಮ ತಲೆ ಮೇಲಿನ ಇಲೆಕ್ಟ್ರಾನ್ ಲೆಕ್ಕ ಏರುಪೇರಾಗುತ್ತದೆ. ಈ ಇಲೆಕ್ಟ್ರಾನ್‌ಗಳು ಜಿಪಿಎಸ್ ಸಿಗ್ನಲ್ಲನ್ನು ತಡಮಾಡುತ್ತವೆ. ಚದರ ಮೀಟರಿಗೆ 10ರ 16ನೇ ಘಾತದಷ್ಟು ಇಲೆಕ್ಟ್ರಾನ್ ಹೆಚ್ಚಾದರೆ ಜಿಪಿಎಸ್‌ನ ಮುಖ್ಯ ಸಿಗ್ನಲ್ಲಾದ ಎಲ್1ರಲ್ಲಿ ಅಳೆದ ದೂರ 16 ಸೆಂ.ಮೀ. ತಪ್ಪುತ್ತದೆ, ಅಂಥ 50 ಸೇರಿದರೆ 8 ಮೀಟರ್. ಬದುವಿನ ಜಗಳಕ್ಕೆ ಇಷ್ಟು ಸಾಕು. ಎರಡು ಫ್ರೀಕ್ವೆನ್ಸಿಯ ರಿಸೀವರ್ ಬಳಸಿ, ಬೇಸ್ (ಗೊತ್ತಿರುವ ಜಾಗದಲ್ಲಿಟ್ಟು ತಪ್ಪು ತಿದ್ದಲು ಬಳಸುವ ಇನ್ನೊಂದು ರಿಸೀವರ್) ಹತ್ತಿರವೇ ಇಡಿ. ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು 0ರಿಂದ 9ರವರೆಗೆ ಅಳೆಯುವ ಕೆಪಿ ಸೂಚ್ಯಂಕ 6 ದಾಟಿದ ದಿನ ಅಳೆದದ್ದನ್ನು ಮರುದಿನ ಜಾಗ ಗೊತ್ತಿರುವ ಸರ್ವೆ ಕಲ್ಲಿನಿಂದ ತಾಳೆ ನೋಡಿ.